ಎಂಟನೆಯ ಗಂಟೆಯಲ್ಲೂ ಕಚ್ಚದ ಬೂಟು

ಬೈಕಿನ ದೂರ ಪ್ರಯಾಣಕ್ಕೆಂದು ನಾನು ಕೊಂಡ ಮೊದಲ ಬೂಟು ಅಂಗಡಿಯಲ್ಲಿದ್ದ ಬೂಟುಗಳಲ್ಲೆಲ್ಲ ಮೆತ್ತಗಿತ್ತು. ಕಾಲು ತೂರಿಸಿದೊಡನೆ ಹಳೆಯ ಚಪ್ಪಲಿಯಷ್ಟು ಸಲೀಸಾಗಿ ಕೂತುಕೊಂಡಿತು. ನಾಲ್ಕು ಹೆಜ್ಜೆ ಹಾಕಿ, ಒಮ್ಮೆ ತುದಿಗಾಲಿನಲ್ಲಿ ನಿಂತು, ಇನ್ನೇನು ಬೇಕು ಎಂದುಕೊಂಡು ಹಣ ಕೊಟ್ಟು ಬಂದೆ. ಅದರ ನಿಜವಾದ ಸ್ವಭಾವ ತಿಳಿದದ್ದು ಮೊದಲ ದೀರ್ಘ ಪ್ರಯಾಣದ ಐದನೆಯ ಗಂಟೆಯಲ್ಲಿ. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಮೊದಲು ಸಣ್ಣಗೆ ಉರಿ ಶುರುವಾಯಿತು. ಆಮೇಲೆ ಗೇರನ್ನು ಮೇಲಕ್ಕೆ ಎತ್ತಿದಾಗಲೆಲ್ಲ ಯಾರೋ ಉಗುರಿನ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದಂತಾಗತೊಡಗಿತು. ನನಗೇ ಅರಿವಿಲ್ಲದಂತೆ ನಾನು ಗೇರ್ ಬದಲಿಸುವುದನ್ನೇ ತಪ್ಪಿಸುತ್ತಿದ್ದೆ. ತಿರುವಿನಲ್ಲಿ ಮೂರಕ್ಕೆ ಇಳಿಯಬೇಕಾದ ಕಡೆ ಐದರಲ್ಲೇ ಎಳೆದುಕೊಂಡು ಹೋಗುತ್ತಿದ್ದೆ, ಎಂಜಿನ್ ಗೊರಗುಟ್ಟುತ್ತ ಒದ್ದಾಡಿದರೂ ಕ್ಲಚ್ಚಿನಲ್ಲಿ ಹೇಗೋ ಸಂಭಾಳಿಸುತ್ತಿದ್ದೆ. ಹಿಂದೆ ಬರುತ್ತಿದ್ದ ಗೆಳೆಯ ಮುಂದಿನ ನಿಲುಗಡೆಯಲ್ಲಿ ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದ: “ಏನಯ್ಯ, ಗೇರ್ ಹಾಕೋಕೂ ಸೋಮಾರಿತನವಾ ನಿನಗೆ?”

ಸಂಜೆ ಬೂಟು ಕಳಚಿ ಬೆಳಕಿನಲ್ಲಿ ಹಿಡಿದು ನೋಡಿದೆ. ಎಡಬೂಟಿನ ಮೂತಿಯ ಮೇಲೆ ಗೇರ್ ಲಿವರ್ ಒತ್ತಿದ ಜಾಗದಲ್ಲಿ ಬೆರಳಗಲದ ಹಳ್ಳ ಬಿದ್ದಿತ್ತು. ಅದೇ ಹಳ್ಳದ ಅಡಿಯಲ್ಲಿ ನನ್ನ ಹೆಬ್ಬೆರಳಿನ ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು. ಬೂಟನ್ನು ಮಗುಚಿದಾಗ ತಳದ, ಅಂದರೆ ಸೋಲಿನ, ನಡುವೆ ಬೈಕಿನಲ್ಲಿ ಪಾದ ಊರುವ ಫುಟ್‌ಪೆಗ್ಗಿನ ಹಲ್ಲುಗಳು ಸಾಲಾಗಿ ಅಚ್ಚೊತ್ತಿದ್ದವು, ಅಂಗಾಲಿನಲ್ಲೂ ಅದೇ ಜಾಗದಲ್ಲಿ ಅಡ್ಡಕ್ಕೊಂದು ಕೆಂಪು ಗೆರೆ ಮೂಡಿತ್ತು. ಅಂಗಡಿಯಲ್ಲಿ ಯಾವ ಮೆತ್ತನೆಯ ಗುಣಕ್ಕೆ ನಾನು ಮಾರುಹೋಗಿದ್ದೆನೋ ಅದೇ ಗುಣ ಲಿವರಿನ ಒತ್ತನ್ನೂ ಪೆಗ್ಗಿನ ಒತ್ತನ್ನೂ ಎಲ್ಲೂ ತಡೆಯದೆ ನೇರವಾಗಿ ಕಾಲಿಗೆ ದಾಟಿಸಿತ್ತು. ಹಾಯಾಗಿರುವುದೆಂದರೆ ಮೆತ್ತಗಿರುವುದು ಎಂಬ ನನ್ನ ನಂಬಿಕೆ ಅಂದೇ ಸಡಿಲವಾಯಿತಾದರೂ, ಅದರ ಜಾಗದಲ್ಲಿ ಯಾವ ನಂಬಿಕೆಯನ್ನು ಇಟ್ಟುಕೊಳ್ಳಬೇಕೆಂದು ತಿಳಿಯಲು ಇನ್ನೂ ಎರಡು ಜೊತೆ ಬೂಟು ಸವೆಯಬೇಕಾಯಿತು.

ನಡೆಯುವ ಕಾಲಿಗೂ ಸವಾರಿ ಮಾಡುವ ಕಾಲಿಗೂ ಇರುವ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಡೆಯುವಾಗ ಪಾದ ಹೆಜ್ಜೆಹೆಜ್ಜೆಗೂ ಬೆರಳಿನ ಬುಡದಲ್ಲಿ ಬಾಗುತ್ತದೆ, ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಒಂದು ಕ್ಷಣ ಭಾರ ಹೊತ್ತ ಕಾಲು ಮರುಕ್ಷಣ ಗಾಳಿಯಲ್ಲಿ ವಿಶ್ರಮಿಸುತ್ತದೆ. ಬೈಕಿನ ಮೇಲೆ ಇದಾವುದೂ ಇಲ್ಲ. ಮಂಡಿ ಮಡಚಿ, ಪಾದವನ್ನು ಒಂದು ಕಬ್ಬಿಣದ ತುಂಡಿನ ಮೇಲೆ ಊರಿ, ಎಂಜಿನ್ನಿನ ಕಂಪನವನ್ನು ಒಂದೇ ಸಮನೆ ಉಣ್ಣುತ್ತ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವ ಕಾಲಿನಲ್ಲಿ ರಕ್ತ ಕೆಳಗೇ ನಿಲ್ಲುತ್ತದೆ, ಪಾದ ಊದಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಎಡಗಾಲು ದಿನಕ್ಕೆ ನೂರಾರು ಸಲ ಲಿವರಿನ ಕೆಳಗೆ ನುಸುಳಿ ಮೇಲಕ್ಕೆತ್ತಬೇಕು, ಮೇಲಿನಿಂದ ಒತ್ತಬೇಕು. ಬಲಗಾಲು ಬ್ರೇಕಿನ ಮೇಲೆ ತೂಕ ಹಾಕದೆ ತೇಲುತ್ತಿರಬೇಕು. ಹೀಗಿರುವಾಗ ಅಂಗಡಿಯ ನಯವಾದ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ಬೂಟನ್ನು ಪರೀಕ್ಷಿಸುವುದೆಂದರೆ ಈಜುಡುಗೆಯನ್ನು ಬಿಸಿಲಿನಲ್ಲಿ ನಿಂತು ಪರೀಕ್ಷಿಸಿದಂತೆ.

ಈಗ ನಾನು ಬೂಟನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಅದರ ಸೋಲನ್ನು. ಮೂತಿಯನ್ನು ಒಂದು ಕೈಯಲ್ಲಿ, ಹಿಮ್ಮಡಿಯನ್ನು ಇನ್ನೊಂದರಲ್ಲಿ ಹಿಡಿದು ಬಗ್ಗಿಸುತ್ತೇನೆ. ಒಳ್ಳೆಯ ಟೂರಿಂಗ್ (ದೂರ ಪ್ರಯಾಣದ) ಬೂಟು ಬೆರಳುಗಳ ಬುಡದ ಸಾಲಿನಲ್ಲಿ ಅಷ್ಟಿಷ್ಟು ಬಾಗುತ್ತದೆ, ಅದರ ಹಿಂದೆ, ಅಂಗಾಲಿನ ಕಮಾನಿನ ಕೆಳಗೆ, ಸುತರಾಂ ಬಾಗುವುದಿಲ್ಲ. ಅಲ್ಲಿ ಒಳಗೆ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯೊಂದು ಅಡಗಿರುತ್ತದೆ. ಅದನ್ನು ಶ್ಯಾಂಕ್ ಎನ್ನುತ್ತಾರೆ. ಪೆಗ್ ಎನ್ನುವುದು ಎರಡು ಮೂರು ಬೆರಳಗಲದ ಆಧಾರ ಅಷ್ಟೆ. ಶ್ಯಾಂಕ್ ಇದ್ದರೆ ಆ ಪುಟ್ಟ ಆಧಾರದ ಮೇಲಿನ ಭಾರ ಇಡೀ ಪಾದಕ್ಕೆ ಹರಡಿಕೊಳ್ಳುತ್ತದೆ, ಇಲ್ಲದಿದ್ದರೆ ಪಾದವೇ ಪೆಗ್ಗಿನ ಸುತ್ತ ಬಾಗಿ ಕಮಾನಿನ ನರಗಳು ಹಿಂಡಿಹೋಗುತ್ತವೆ. ಕೆಟ್ಟ ರಸ್ತೆಯಲ್ಲಿ ಸೀಟು ಬಿಟ್ಟು ಎದ್ದು ನಿಂತು ಓಡಿಸುವವರಿಗಂತೂ ಇದು ಐದೇ ನಿಮಿಷದಲ್ಲಿ ತಿಳಿದುಬಿಡುತ್ತದೆ. ಹಾಗೆಂದು ಮರದ ಹಲಗೆಯಂಥ ಸೋಲೂ ಬೇಡ: ಬೆರಳುಗಳ ಬುಡ ಬಾಗದಿದ್ದರೆ ಬೈಕಿನಿಂದ ಇಳಿದು ನಡೆಯುವಾಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಬೂಟಿನಿಂದ ಮೇಲೆದ್ದು ಉಜ್ಜಿ ಗುಳ್ಳೆಯೇಳುತ್ತದೆ, ಜೊತೆಗೆ ಬ್ರೇಕಿನ ಸೂಕ್ಷ್ಮ ಸ್ಪರ್ಶವೂ ಕಾಲಿಗೆ ತಲುಪುವುದಿಲ್ಲ. ಸೋಲಿನ ತಳದ ವಿಷಯವೂ ಹಾಗೆಯೇ. ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿ 1937ರಲ್ಲಿ ಚಾರಣದ ಬೂಟಿಗೆ ಆಳವಾದ ಉಬ್ಬುಗಳ ರಬ್ಬರ್ ತಳವನ್ನು ತಂದ ಮೇಲೆ ಅದರ ಮಾದರಿಯ ತಳಗಳು ಬೈಕಿನ ಬೂಟುಗಳಿಗೂ ಬಂದಿವೆ. ಕೆಸರಿನಲ್ಲಿ ಕಾಲೂರಿ ಭಾರವಾದ ಬೈಕನ್ನು ತಡೆದು ನಿಲ್ಲಿಸುವಾಗ ಅವುಗಳ ಬೆಲೆ ಗೊತ್ತಾಗುತ್ತದೆ. ಆದರೆ ಟಾರು ರಸ್ತೆಯಲ್ಲೇ ಇರುವವರಿಗೆ ಅಷ್ಟು ಆಳದ ಉಬ್ಬುಗಳು ಪೆಗ್ಗಿನ ಹಲ್ಲಿಗೆ ಸಿಕ್ಕಿಕೊಂಡು ಪಾದವನ್ನು ಸರಿಸಲು ಬಿಡದೆ ಕಾಡುತ್ತವೆ. ನಾನಂತೂ ನಡುವಿನದನ್ನೇ ಆರಿಸುತ್ತೇನೆ.

ಅಳತೆಯ ವಿಚಾರದಲ್ಲಿ ನಾನು ಮಾಡಿದ ತಪ್ಪು ಬಹುಮಂದಿ ಮಾಡುವಂಥದ್ದೇ. ನನ್ನ ಅಳತೆ ಇಷ್ಟು ಎಂಬ ಒಂದೇ ಸಂಖ್ಯೆಯನ್ನು ನೆಚ್ಚಿಕೊಂಡು ಪೆಟ್ಟಿಗೆ ತರಿಸುತ್ತಿದ್ದೆ. ಆ ಸಂಖ್ಯೆಯ ಹಿಂದಿನ ಲೆಕ್ಕವೇ ಒಂದು ಸ್ವಾರಸ್ಯ: ಯುರೋಪಿನ ಅಳತೆಯಲ್ಲಿ ಒಂದು ಅಂಕಕ್ಕೂ ಮುಂದಿನ ಅಂಕಕ್ಕೂ ಇರುವ ಅಂತರ ಒಂದು ಸೆಂಟಿಮೀಟರಿನ ಮೂರರಲ್ಲಿ ಎರಡು ಭಾಗ, ಅಂದರೆ ಸುಮಾರು 6.67 ಮಿಲಿಮೀಟರ್, ಬ್ರಿಟಿಷ್ ಅಳತೆಯಲ್ಲಿ ಅದು ಅಂಗುಲದ ಮೂರನೆಯ ಒಂದು ಭಾಗ, ಸುಮಾರು 8.47 ಮಿಲಿಮೀಟರ್, ಅಂದರೆ ಒಂದು ಬಾರ್ಲಿ ಕಾಳಿನ ಉದ್ದ. ಒಂದು ಕಡೆ ಸೆಂಟಿಮೀಟರು, ಇನ್ನೊಂದು ಕಡೆ ಕಾಳು. ಎರಡೂ ಕೋಷ್ಟಕದಲ್ಲಿ ಅಚ್ಚುಕಟ್ಟಾಗಿ ಹೊಂದುವುದು ಸಾಧ್ಯವೇ ಇಲ್ಲ, ಪ್ರತಿ ತಯಾರಕರೂ ತಮಗೆ ತೋಚಿದ ಕಡೆ ಸರಿಹೊಂದಿಸಿ ಮುದ್ರಿಸುತ್ತಾರೆ. ಪಾದದ ಉದ್ದವನ್ನೇ ಮಿಲಿಮೀಟರಿನಲ್ಲಿ ಹೇಳುವ ಮೊಂಡೋಪಾಯಿಂಟ್ ಪದ್ಧತಿ ಇವೆಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಬೂಟಿನ ಪೆಟ್ಟಿಗೆಯ ಮೇಲೆ ಆ ಸಂಖ್ಯೆ ಕಂಡರೆ ಬೇರೆಯದನ್ನು ನೋಡುವ ಗೋಜಿಗೇ ನಾನು ಹೋಗುವುದಿಲ್ಲ.

ಉದ್ದವೊಂದೇ ಸಾಲದೆಂಬುದನ್ನು ಕಲಿಸಿದ್ದು ಬ್ರ್ಯಾನಕ್ ಎಂಬ ಲೋಹದ ಅಳತೆಪಟ್ಟಿ. ಅಮೆರಿಕದ ಚಾರ್ಲ್ಸ್ ಬ್ರ್ಯಾನಕ್ 1920ರ ದಶಕದಲ್ಲಿ ರೂಪಿಸಿದ ಈ ಸಾಧನ ಪಾದದ ಮೂರು ಅಳತೆಗಳನ್ನು ಹೇಳುತ್ತದೆ: ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದ, ಪಾದದ ಅಗಲ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗಂಟಿನವರೆಗಿನ ಅಂತರ. ಈ ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ಆದರೆ ಬೈಕಿನ ಬೂಟಿಗೆ ಅದೇ ಮುಖ್ಯವೆಂದು ನನಗೆ ಅನಿಸುತ್ತದೆ, ಏಕೆಂದರೆ ಗಟ್ಟಿ ಸೋಲು ಬಾಗುವ ಜಾಗವೂ ನಮ್ಮ ಪಾದ ಬಾಗುವ ಜಾಗವೂ ಒಂದೇ ಸಾಲಿನಲ್ಲಿ ಬರದಿದ್ದರೆ ಎಷ್ಟು ದೊಡ್ಡ ಬೂಟು ತೊಟ್ಟರೂ ಅದು ಕಚ್ಚುತ್ತಲೇ ಇರುತ್ತದೆ. ನನ್ನ ಬೆರಳುಗಳು ಗಿಡ್ಡ, ಕಮಾನು ಉದ್ದ. ಉದ್ದದ ಲೆಕ್ಕದಲ್ಲಿ ಸರಿಯಾದ ಬೂಟು ನನಗೆ ಸದಾ ಮೊದಲೇ ಬಾಗುತ್ತಿತ್ತು. ಅರ್ಧ ಅಳತೆ ಹೆಚ್ಚಿಸಿಕೊಂಡು, ಮುಂದೆ ಉಳಿಯುವ ಜಾಗವನ್ನು ದಪ್ಪ ಕಾಲುಚೀಲಕ್ಕೆ ಬಿಟ್ಟುಕೊಟ್ಟ ದಿನದಿಂದ ಆ ತಕರಾರು ನಿಂತಿತು. ಇನ್ನು ಎರಡು ಪಾದಗಳೂ ಸಮ ಇರುವವರು ವಿರಳ; ನನ್ನ ಬಲಪಾದ ಎಡಕ್ಕಿಂತ ನಾಲ್ಕು ಮಿಲಿಮೀಟರ್ ಉದ್ದ. ದೊಡ್ಡ ಪಾದಕ್ಕೆ ಕೊಂಡು, ಚಿಕ್ಕ ಪಾದದ ಬೂಟಿಗೆ ತೆಳುವಾದ ಇನ್ನೊಂದು ಇನ್‌ಸೋಲ್ (ಪಾದದಡಿಯ ಒಳಪದರ) ಹಾಕುವುದು ಸುಲಭ. ಚಿಕ್ಕದಕ್ಕೆ ಕೊಂಡು ದೊಡ್ಡ ಪಾದವನ್ನು ಕತ್ತರಿಸುವುದು ಆಗದ ಮಾತು.

ಬೂಟು ತೊಟ್ಟು ನೋಡುವ ಸಮಯವೂ ಸಂಜೆಯೇ ಆಗಬೇಕು. ದಿನವೆಲ್ಲ ಓಡಾಡಿ ಊದಿದ ಪಾದವೇ ಪ್ರಯಾಣದ ಮಧ್ಯಾಹ್ನದ ಪಾದವನ್ನು ಹೋಲುತ್ತದೆ. ಸವಾರಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಬೂಟು ತೊಟ್ಟು, ಜಿಪ್ಪು ಎಳೆದು, ಮೊದಲು ತಗ್ಗಾದ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂರುತ್ತೇನೆ. ಅರ್ಧ ಗಂಟೆ ಹಾಗೆಯೇ ಕೂರುವುದು ಅಂಗಡಿಯವರ ತಾಳ್ಮೆಗೆ ಪರೀಕ್ಷೆ ನಿಜ, ಆದರೆ ಮುಂದೆ ಸಾವಿರಾರು ಕಿಲೋಮೀಟರ್ ಜೊತೆಗಿರುವ ವಸ್ತುವಿಗೆ ಅರ್ಧ ಗಂಟೆ ಕೊಡಲು ಸಂಕೋಚವೇಕೆ? ಕೂತಾಗ ಬೂಟಿನ ಮೇಲಂಚು ಮಂಡಿಯ ಹಿಂಭಾಗಕ್ಕೆ ಅಥವಾ ಮೊಳಕಾಲಿನ ಎಲುಬಿಗೆ ತಾಗುತ್ತದೆಯೇ, ಮೀನಖಂಡದ ಬಳಿ ಬಿಗಿ ಎನಿಸುತ್ತದೆಯೇ, ಪಾದದ ಉಬ್ಬಿನ ಮೇಲೆ ನಾಲಿಗೆಯ ಮಡಿಕೆ ಒತ್ತುತ್ತದೆಯೇ ಎಂಬುದು ಆ ಭಂಗಿಯಲ್ಲಿ ಮಾತ್ರ ತಿಳಿಯುತ್ತದೆ. ಆಮೇಲೆ ಎಡಪಾದವನ್ನು ಗೇರ್ ಎತ್ತುವಂತೆ ಮೇಲಕ್ಕೆ, ಗೇರ್ ಇಳಿಸುವಂತೆ ಕೆಳಕ್ಕೆ ಐವತ್ತು ಸಲ ಆಡಿಸುತ್ತೇನೆ. ಮೊದಲ ಹತ್ತರಲ್ಲಿ ಏನೂ ಗೊತ್ತಾಗುವುದಿಲ್ಲ. ಮೂವತ್ತರ ನಂತರ ಕಣಕಾಲಿನ ಮುಂಭಾಗದಲ್ಲಿ ಚರ್ಮ ಎಲ್ಲಿ ಮಡಚಿ ಒಳಗೆ ಚುಚ್ಚುತ್ತದೆಂಬುದು ತಾನಾಗಿಯೇ ಹೊರಬೀಳುತ್ತದೆ. ಕೊನೆಗೆ ಮೆಟ್ಟಿಲಿಳಿಯುತ್ತೇನೆ. ಇಳಿಯುವಾಗ ಬೆರಳುಗಳು ಮುಂದಕ್ಕೆ ಜಾರಿ ಮೂತಿಗೆ ಬಡಿದರೆ ಆ ಬೂಟನ್ನು ಅಲ್ಲೇ ಬಿಚ್ಚಿಡುತ್ತೇನೆ.

ಕಣಕಾಲಿನ ವಿಚಾರದಲ್ಲಿ ಆರಾಮಕ್ಕೂ ರಕ್ಷಣೆಗೂ ಜಗಳವಿದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗೇರಿಗೂ ಬ್ರೇಕಿಗೂ ಬೇಕಾದದ್ದು ಕಣಕಾಲು ಮುಂದಕ್ಕೂ ಹಿಂದಕ್ಕೂ ಬಾಗುವುದು. ಮೂಳೆ ಮುರಿಯುವುದು ಅದು ಅಕ್ಕಪಕ್ಕಕ್ಕೆ ಹೊರಳಿದಾಗ ಅಥವಾ ಬೈಕಿನ ಅಡಿಯಲ್ಲಿ ಸಿಕ್ಕಿ ಜಜ್ಜಿದಾಗ. ಚೆನ್ನಾಗಿ ಯೋಚಿಸಿ ಮಾಡಿದ ಬೂಟಿನಲ್ಲಿ ಕಣಕಾಲಿನ ಮುಂದೆ ಮತ್ತು ಹಿಂದೆ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿದ್ದು, ಎರಡೂ ಪಕ್ಕಗಳಲ್ಲಿ ಗಟ್ಟಿ ಬಿಲ್ಲೆಗಳಿರುತ್ತವೆ. ಬಿಲ್ಲೆ ಕಣಕಾಲಿನ ಗಂಟಿನ ಮೇಲೆಯೇ ಕೂತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಅರ್ಧ ಅಂಗುಲ ಮೇಲೋ ಕೆಳಗೋ ಇದ್ದರೆ ರಕ್ಷಣೆಯೂ ಇಲ್ಲ, ಆರಾಮವೂ ಇಲ್ಲ.

ಯುರೋಪಿನಲ್ಲಿ ಬೈಕಿನ ಬೂಟುಗಳಿಗೆ ಇಎನ್ 13634 ಎಂಬ ಮಾನದಂಡವಿದೆ. ಬೂಟಿನ ಒಳಗೆ ಹೊಲಿದ ಪುಟ್ಟ ಚೀಟಿಯಲ್ಲಿ ಬೈಕ್ ಸವಾರನ ಚಿತ್ರ, ಅದರ ಬಳಿ ನಾಲ್ಕು ಅಂಕಿಗಳು. ಒಂದೊಂದೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ, ಎರಡನೆಯದು ರಸ್ತೆಗೆ ಉಜ್ಜಿದಾಗ ತಾಳಿಕೊಳ್ಳುವ ಶಕ್ತಿ, ಮೂರನೆಯದು ಚೂಪಾದದ್ದು ತಗುಲಿದಾಗ ಸೀಳದಿರುವ ಗುಣ, ನಾಲ್ಕನೆಯದು ಸೋಲನ್ನು ಅಡ್ಡಡ್ಡಲಾಗಿ ಅದುಮಿದಾಗ ಕುಸಿಯದ ಬಿಗಿ. ಐಪಿಎ ಎಂದಿದ್ದರೆ ಕಣಕಾಲಿಗೆ, ಐಪಿಎಸ್ ಎಂದಿದ್ದರೆ ಮೊಳಕಾಲಿನ ಕೆಳಗಿನ ಎಲುಬಿಗೆ ಪೆಟ್ಟಿನಿಂದ ರಕ್ಷಣೆಯಿದೆ ಎಂದರ್ಥ. ಡಬ್ಲ್ಯೂಆರ್ ಎಂಬುದು ನೀರಿನ ಪರೀಕ್ಷೆಗೆ ಸೇರಿದ್ದು. ನಾಲ್ಕೂ ಎರಡಾಗಿರಬೇಕೆಂಬ ಹಟ ನನಗಿಲ್ಲ, ಆದರೆ ಕೊನೆಯ ಅಂಕಿ 2 ಆಗಿರಬೇಕೆಂಬ ಹಟ ಇದೆ. ಬೈಕು ಪಕ್ಕಕ್ಕೆ ಉರುಳಿದಾಗ ಪಾದ ಜಜ್ಜಿಹೋಗದಂತೆ ತಡೆಯುವ ಗಟ್ಟಿತನವದು. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಅಪಘಾತಕ್ಕೆ ಸಿಕ್ಕಿದ 212 ಸವಾರರ ಉಡುಪನ್ನೂ ಗಾಯಗಳನ್ನೂ ಹೋಲಿಸಿ ನೋಡಿತ್ತು. ಬೈಕಿಗೆಂದೇ ಮಾಡಿರದ ಸಾಧಾರಣ ಬೂಟು ತೊಟ್ಟವರಲ್ಲಿಯೂ ಪಾದಕ್ಕೋ ಕಣಕಾಲಿಗೋ ಗಾಯವಾಗುವ ಸಂಭವ ಸಾಮಾನ್ಯ ಶೂ ತೊಟ್ಟವರದ್ದಕ್ಕಿಂತ ಅರ್ಧಕ್ಕೂ ಕಡಿಮೆಯಿತ್ತು. ಇದನ್ನು ಓದಿದ ಮೇಲೆ ನನಗೆ ಅನಿಸಿದ್ದಿಷ್ಟು: ಚೀಟಿಯಲ್ಲಿ ಎಷ್ಟೇ ದೊಡ್ಡ ಅಂಕಿಗಳಿದ್ದರೂ ಕಚ್ಚುತ್ತದೆಂದು ಮನೆಯಲ್ಲೇ ಬಿಟ್ಟುಬಂದ ಬೂಟು ಯಾರ ಕಾಲನ್ನೂ ಉಳಿಸುವುದಿಲ್ಲ. ಹಾಯಾಗಿರುವುದೂ ರಕ್ಷಣೆಯ ಒಂದು ಭಾಗವೇ.

ಬೂಟು ಎಷ್ಟೇ ಒಳ್ಳೆಯದಾದರೂ ಅದು ಬೈಕಿನ ಜೊತೆ ಹೊಂದಿಕೊಳ್ಳಬೇಕು ಎಂಬ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ನನ್ನ ಎರಡನೆಯ ಜೊತೆ ಬೂಟು ಗಟ್ಟಿಯಾಗಿತ್ತು, ಮೂತಿ ದಪ್ಪವಾಗಿತ್ತು, ಆದರೂ ಕಣಕಾಲು ನೋಯುತ್ತಿತ್ತು. ಮೂರು ತಿಂಗಳು ಬೂಟನ್ನು ಬೈದೆ. ತಪ್ಪು ಬೂಟಿನದಾಗಿರಲಿಲ್ಲ. ಹಳೆಯ ತೆಳು ಶೂಗೆ ಹೊಂದಿಸಿದ್ದ ಲಿವರಿನ ಅಡಿಗೆ ಈ ದಪ್ಪ ಮೂತಿಯನ್ನು ತೂರಿಸಲು ನಾನು ಪ್ರತಿ ಸಲವೂ ಪಾದವನ್ನು ಹೊರಕ್ಕೆ ತಿರುಗಿಸಿ, ಬೆರಳನ್ನು ಕೆಳಕ್ಕೆ ಚಾಚಿ, ಸೊಟ್ಟಗೆ ಎತ್ತುತ್ತಿದ್ದೆ. ಲಿವರನ್ನು ಎತ್ತರಿಸುವುದು ಅರ್ಧ ಗಂಟೆಯ ಕೆಲಸ. ಕೆಲವು ಬೈಕುಗಳಲ್ಲಿ ಲಿವರು ಹಲ್ಲುಗಳಿರುವ ಶಾಫ್ಟಿನ ಮೇಲೆ ನೇರವಾಗಿ ಕೂತಿರುತ್ತದೆ. ಬೋಲ್ಟು ಬಿಚ್ಚಿ, ಲಿವರನ್ನು ಹೊರಗೆಳೆದು, ಒಂದು ಹಲ್ಲು ಮೇಲಕ್ಕೆ ತಿರುಗಿಸಿ ಮತ್ತೆ ಕೂರಿಸಬೇಕು. ತೆಗೆಯುವ ಮೊದಲು ಶಾಫ್ಟಿಗೂ ಲಿವರಿಗೂ ಸೇರಿಸಿ ಒಂದು ಗೆರೆ ಎಳೆದಿಟ್ಟುಕೊಂಡರೆ ಎಲ್ಲಿಂದ ಎಲ್ಲಿಗೆ ಬಂದೆವೆಂಬುದು ತಪ್ಪುವುದಿಲ್ಲ. ನನ್ನ ಬೈಕಿನಲ್ಲಿದ್ದದ್ದು ನಡುವೆ ಒಂದು ಸರಳಿರುವ ಜೋಡಣೆ. ಸರಳಿನ ಎರಡೂ ತುದಿಗಳಲ್ಲಿ ಲಾಕ್ ನಟ್ಟುಗಳಿದ್ದವು, ಅವುಗಳಲ್ಲೊಂದು ಉಲ್ಟಾ ತಿರುಪಿನದು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಇದು ತಿಳಿಯದೆ ನಾನು ಸ್ಪ್ಯಾನರಿಗೆ ಜೋತುಬಿದ್ದು, ಸಡಿಲಿಸುತ್ತಿದ್ದೇನೆಂಬ ಭ್ರಮೆಯಲ್ಲಿ ಅದನ್ನು ಮತ್ತಷ್ಟು ಬಿಗಿ ಮಾಡಿದ್ದೆ. ಎರಡೂ ಸಡಿಲವಾದ ಮೇಲೆ ಸರಳನ್ನು ಬೆರಳಿನಲ್ಲಿ ಎರಡು ಸುತ್ತು ತಿರುಗಿಸಿದೆ, ಲಿವರಿನ ತುದಿ ಕಣ್ಣೆದುರೇ ಮೇಲೆದ್ದಿತು. ಅಷ್ಟೇ. ಮರುದಿನದ ಸವಾರಿಯಲ್ಲಿ ಕಣಕಾಲು ಸುಮ್ಮನಿತ್ತು.

ಬಲಗಡೆಯ ಬ್ರೇಕ್ ಪೆಡಲನ್ನೂ ಹಾಗೆಯೇ ಬೂಟಿಗೆ ಹೊಂದಿಸಬೇಕು. ಆದರೆ ಅಲ್ಲಿ ಎಚ್ಚರ ಹೆಚ್ಚು ಬೇಕು: ಪೆಡಲಿನ ಎತ್ತರ ಬದಲಾಯಿಸಿದ ಮೇಲೆ ಸ್ವಲ್ಪ ಸಡಿಲ ಉಳಿದಿದೆಯೇ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ಸುತ್ತುತ್ತದೆಯೇ, ಬ್ರೇಕ್ ದೀಪ ಒತ್ತಿದಾಗ ಹೊತ್ತಿ ಬಿಟ್ಟಾಗ ಆರುತ್ತದೆಯೇ ಎಂದು ನೋಡಿಕೊಳ್ಳದಿದ್ದರೆ ಬ್ರೇಕು ಹಿಡಿದುಕೊಂಡೇ ಓಡಿ ಕಾಯುತ್ತದೆ. ಗೇರಿನ ವಿಚಾರಕ್ಕೆ ಸೇರಿದ ಇನ್ನೊಂದು ಮಾತು. ಬ್ರಿಟನ್ನಿನ ಹಳೆಯ ಬೈಕುಗಳಲ್ಲಿ ಗೇರು ಬಲಗಾಲಿಗೆ ಇರುತ್ತಿತ್ತು. 1970ರ ದಶಕದ ನಡುವೆ ಅಮೆರಿಕದ ಸುರಕ್ಷತಾ ನಿಯಮ ಎಡಗಾಲಿನ ಗೇರನ್ನೇ ಕಡ್ಡಾಯ ಮಾಡಿದ ಮೇಲೆ ಆ ಮಾರುಕಟ್ಟೆ ಬೇಕಾದವರೆಲ್ಲರೂ ಎಡಕ್ಕೆ ಬಂದರು. ಇಂದು ಎಡಬೂಟಿನ ಮೂತಿಯ ಮೇಲೆ ಹೆಚ್ಚುವರಿ ರಬ್ಬರ್ ಪಟ್ಟಿ ಇರುವುದು, ಅದು ಬಲಬೂಟಿಗಿಂತ ಬೇಗ ಮುದಿಯಾಗುವುದು, ಎಲ್ಲಕ್ಕೂ ಕಾರಣ ಆ ಲಿವರೇ. ಆ ಪಟ್ಟಿ ಬರೀ ಅಂಟಿಸಿದ್ದೋ ಹೊಲಿದದ್ದೋ ಎಂದು ಉಗುರಿನಿಂದ ಕೆದಕಿ ನೋಡುವುದು ನನ್ನ ಅಭ್ಯಾಸ.

ಇನ್ನು ನೀರು. ಜಲನಿರೋಧಕ ಎಂದು ಬರೆದ ಬೂಟು ತೊಟ್ಟು ಮೂರು ಗಂಟೆ ಮಳೆಯಲ್ಲಿ ಓಡಿಸಿ, ಇಳಿದು ಬೂಟನ್ನು ಬೋರಲು ಹಾಕಿದಾಗ ಒಂದು ಲೋಟದಷ್ಟು ನೀರು ಸುರಿದ ಅನುಭವ ನನಗಿದೆ. ಮೋಸ ಹೋದೆನೆಂದು ಕುದಿದೆ. ಮನೆಗೆ ಬಂದು ಆ ಬೂಟನ್ನು ಕುತ್ತಿಗೆಯವರೆಗೆ ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಳಗೆ ಹಳೆಯ ಪತ್ರಿಕೆಯನ್ನು ತುರುಕಿ, ಒಂದು ಗಂಟೆ ಇಟ್ಟೆ. ಪತ್ರಿಕೆ ಒಣಗಿಯೇ ಇತ್ತು. ನೀರು ಬಂದದ್ದು ಮೇಲಿನಿಂದ: ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ಸೇರಿಸಿಕೊಂಡಿದ್ದರಿಂದ ತೊಡೆಯ ಮೇಲೆ ಬಿದ್ದ ಮಳೆಯೆಲ್ಲ ಕಾಲುವೆ ಹಿಡಿದಂತೆ ನೇರವಾಗಿ ಬೂಟಿಗೇ ಇಳಿದಿತ್ತು. ಆ ಜಲನಿರೋಧಕ ಬೂಟು ಒಳಗೆ ಬಂದ ನೀರನ್ನು ಹೊರಗೂ ಬಿಡದೆ ಹಿಡಿದಿಟ್ಟುಕೊಂಡಿತ್ತು. ಮಳೆಯ ಪ್ಯಾಂಟು ಬೂಟಿನ ಹೊರಗಿರಬೇಕು, ಅದರ ತುದಿ ಕಟ್ಟಿಕೊಳ್ಳುವಂತಿರಬೇಕು, ಕೂತಾಗ ಮೇಲಕ್ಕೆ ಸರಿಯದಷ್ಟು ಉದ್ದವಿರಬೇಕು. ಬೂಟಿನ ಜಿಪ್ಪಿನ ಹಿಂದಿರುವ ಜಲನಿರೋಧಕ ಮಡಿಕೆ ಎಷ್ಟು ಎತ್ತರದವರೆಗೆ ಬಂದಿದೆ ಎಂಬುದನ್ನೂ ಕೊಳ್ಳುವಾಗಲೇ ಕೈ ಹಾಕಿ ನೋಡಬೇಕು. ಎಷ್ಟೋ ಬೂಟುಗಳಲ್ಲಿ ಅದು ಅರ್ಧಕ್ಕೇ ನಿಂತಿರುತ್ತದೆ.

ಜಲನಿರೋಧಕ ಬೂಟಿನಲ್ಲಿ ನೀರು ತಡೆಯುವ ಒಳಗಿನ ಪೊರೆಯ ಕಥೆ ಚೆನ್ನಾಗಿದೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಬಿಸಿ ಮಾಡಿದ ಕಡ್ಡಿಗಳನ್ನು ನಿಧಾನವಾಗಿ ಎಳೆದು ಉದ್ದ ಮಾಡಲು ಹೆಣಗಿ, ಕಡೆಗೆ ಬೇಸತ್ತು ಒಂದನ್ನು ಜಗ್ಗನೆ ಎಳೆದಾಗ ಅದು ತುಂಡಾಗದೆ ಹಲವು ಪಟ್ಟು ಹಿಗ್ಗಿತು; ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗಿದ್ದವು. ಹನಿ ನೀರು ನುಗ್ಗಲಾರದಷ್ಟು ಚಿಕ್ಕವು, ಬೆವರಿನ ಆವಿ ಹೊರಹೋಗುವಷ್ಟು ದೊಡ್ಡವು. ಗೋರ್-ಟೆಕ್ಸ್ ಎಂಬ ಪೊರೆ ಹುಟ್ಟಿದ್ದು ಹೀಗೆ. ಆದರೆ ಆವಿ ಹೊರಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆಯಿರಬೇಕು. ಸೆಕೆಯೂ ತೇವವೂ ಕೂಡಿರುವ ಗಾಳಿಯಲ್ಲಿ, ಅಥವಾ ಹೊರಗಿನ ಚರ್ಮವೇ ನೆನೆದು ತೊಪ್ಪೆಯಾದಾಗ, ಪೊರೆ ಇದ್ದರೂ ಕಾಲು ಬೆವರಿನಲ್ಲೇ ಕೂರುತ್ತದೆ. ಅದಕ್ಕಾಗಿಯೇ ಚರ್ಮದ ಮೇಲೆ ನೀರು ಮಣಿಯಾಗಿ ಉರುಳುವಂತೆ ಆಗಾಗ ಮೇಣ ಹಚ್ಚುವುದು ಬರೀ ಹೊಳಪಿನ ಕೆಲಸವಲ್ಲ. ಬಿಸಿ ಹವೆಯಲ್ಲೇ ಹೆಚ್ಚು ಓಡಾಡುವವರು ಪೊರೆಯಿಲ್ಲದ, ಗಾಳಿಯಾಡುವ ಬೂಟು ಕೊಂಡು, ಮಳೆಗೆ ಮೇಲಿನಿಂದ ತೊಡುವ ರಬ್ಬರಿನ ಹೊದಿಕೆಯನ್ನು ಚೀಲದಲ್ಲಿಟ್ಟುಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಹೊದಿಕೆ ತೊಟ್ಟು ನಿಂತಾಗ ಬಾತುಕೋಳಿಯಂತೆ ಕಾಣುತ್ತೇವೆ ಎನ್ನುವುದನ್ನು ಅಲ್ಲಗಳೆಯಲಾರೆ.

ಕಟ್ಟುವ ಬಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೇಸಿನ ಬೂಟು ಕಾಲಿಗೆ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಸಡಿಲವಾದ ಕುಣಿಕೆ ಪೆಗ್ಗಿಗೆ ಸಿಕ್ಕಿಕೊಂಡರೆ ನಿಲ್ಲಿಸುವ ಕ್ಷಣಕ್ಕೆ ಕಾಲು ನೆಲಕ್ಕೆ ಬಾರದೆ ನಿಂತಲ್ಲೇ ಬೈಕಿನೊಡನೆ ಉರುಳಬೇಕಾಗುತ್ತದೆ. ಲೇಸನ್ನು ಮುಚ್ಚುವ ಪಟ್ಟಿಯಿಲ್ಲದ ಬೂಟನ್ನು ನಾನು ಮುಟ್ಟುವುದಿಲ್ಲ. ಜಿಪ್ಪು ಒಳಮಗ್ಗುಲಲ್ಲಿದ್ದರೆ ಟ್ಯಾಂಕಿನ ಪಕ್ಕಕ್ಕೆ ಗೀರು ಬೀಳದಂತೆ ಅದಕ್ಕೊಂದು ವೆಲ್ಕ್ರೋ ಮುಚ್ಚಳವಿರಬೇಕು. ಎತ್ತರದ ವಿಷಯದಲ್ಲಿ ಮೀನಖಂಡದ ಅರ್ಧದವರೆಗೆ ಬರುವುದೇ ನನಗೆ ಒಗ್ಗಿದೆ.

ಹೊಸ ಬೂಟು ಪಳಗುವುದಕ್ಕೆ ಸಮಯ ಬೇಕು. ಇಟಲಿಯ ಉತ್ತರದಲ್ಲಿ ಮೊಂಟೆಬೆಲ್ಲೂನಾ, ಅಸೋಲೊ ಊರುಗಳ ಆಸುಪಾಸಿನಲ್ಲಿ ಪರ್ವತಾರೋಹಣದ ಬೂಟು ಹೊಲಿಯುವ ಕಸುಬು ಬಹುಕಾಲದಿಂದ ಬೇರೂರಿದೆ. ಬೈಕಿನ ಬೂಟು ಮಾಡುವ ಕಂಪನಿಗಳಾದ ಸಿದಿ 1960ರಲ್ಲಿ, ಆಲ್ಪೈನ್‌ಸ್ಟಾರ್ಸ್ 1963ರಲ್ಲಿ ಹುಟ್ಟಿದ್ದು ಅಲ್ಲಿಯೇ. ಎರಡನೆಯದರ ಹೆಸರು ಬೆಟ್ಟದ ಒಂದು ಹೂವಿನದು. ಬೆಟ್ಟ ಹತ್ತುವವರ ಬೂಟಿನಿಂದ ಬೈಕಿನವರ ಬೂಟಿಗೆ ಬಂದ ಆ ಪರಂಪರೆಯ ದಪ್ಪ ಚರ್ಮ ಮೊದಲ ವಾರ ಹಗೆಯಂತೆ ವರ್ತಿಸಿ, ಒಂದು ತಿಂಗಳಲ್ಲಿ ನಮ್ಮ ಕಾಲಿನ ಆಕಾರವನ್ನು ಕಲಿತುಕೊಳ್ಳುತ್ತದೆ. ಕೃತಕ ಮೈಕ್ರೋಫೈಬರ್ ಹಾಗಲ್ಲ. ಅದು ಮೊದಲ ದಿನ ಹೇಗಿದೆಯೋ ಬಹುಮಟ್ಟಿಗೆ ಕೊನೆಯ ದಿನವೂ ಹಾಗೆಯೇ, ಆದ್ದರಿಂದ ಅಂಗಡಿಯಲ್ಲಿ ಕಚ್ಚಿದರೆ ಪಳಗೀತೆಂದು ಕಾಯಬಾರದು. ಚರ್ಮದ ಬೂಟನ್ನು ಮನೆಯೊಳಗೆ ಸಂಜೆಯ ಹೊತ್ತು ತೊಟ್ಟು ತಿರುಗಾಡಿ, ಚಿಕ್ಕ ಸವಾರಿಗಳಲ್ಲಿ ಸಡಿಲಿಸಿ, ಆಮೇಲೆಯೇ ದೂರ ಒಯ್ಯಬೇಕು. ನೆನೆದಾಗ ಒಲೆಯ ಬಳಿಯೋ ಹೀಟರಿನ ಮುಂದೆಯೋ ಇಟ್ಟರೆ ಚರ್ಮ ಸೆಡೆತು ಬಿರಿಯುತ್ತದೆ. ಪತ್ರಿಕೆಯ ಹಾಳೆಗಳನ್ನು ತುರುಕಿ, ಗಂಟೆಗೊಮ್ಮೆ ಬದಲಿಸುತ್ತ ನೆರಳಿನಲ್ಲಿ ಒಣಗಿಸಬೇಕು.

ಹಳೆಯ ಬೂಟನ್ನು ಜೋಪಾನವಾಗಿ ಎತ್ತಿಡುವುದರಲ್ಲೂ ಒಂದು ಹುಸಿ ಸಮಾಧಾನವಿದೆ. ಅನೇಕ ಬೂಟುಗಳ ನಡುಸೋಲು, ಅಂದರೆ ತಳಕ್ಕೂ ಪಾದಕ್ಕೂ ನಡುವಿನ ಪದರ, ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯಲ್ಲಿನ ತೇವ ಅದರೊಳಗಿನ ಬಂಧಗಳನ್ನು ವರ್ಷಗಟ್ಟಲೆ ನಿಧಾನವಾಗಿ ಬಿಡಿಸುತ್ತ ಹೋಗುತ್ತದೆ, ತೊಡದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ ಬಿಡಿಸುತ್ತದೆ. ಮೇಲ್ನೋಟಕ್ಕೆ ಹೊಸದರಂತಿರುವ ಬೂಟು ಪ್ರಯಾಣದ ಎರಡನೆಯ ದಿನ ಒಣ ರೊಟ್ಟಿಯಂತೆ ಪುಡಿಯಾಗಿ, ತಳವೇ ಕಳಚಿ ಬೀಳುವುದು ಹೀಗೆ. ಗೆಳೆಯನೊಬ್ಬ ಉಳಿದ ದಾರಿಯನ್ನೆಲ್ಲ ಬೂಟಿಗೆ ತಂತಿ ಸುತ್ತಿಕೊಂಡು ಮುಗಿಸಿದ. ನನ್ನ ಗೇರಿನ ಸೋಮಾರಿತನವನ್ನು ಆಡಿಕೊಂಡವನೇ ಅವನು, ಆದ್ದರಿಂದ ಆ ತಂತಿಯ ವಿಚಾರವನ್ನು ನಾನು ಆಗಾಗ ನೆನಪಿಸುತ್ತಿರುತ್ತೇನೆ.

ಈಗಿನ ಜೊತೆ ನನ್ನೊಡನೆ ಏಳು ವರ್ಷ ಕಳೆದಿದೆ. ಎಡಬೂಟಿನ ಮೂತಿಯ ರಬ್ಬರು ಸವೆದು ನುಣುಪಾಗಿದೆ, ಬಲಬೂಟಿನ ಒಳಮಗ್ಗುಲು ಸೈಲೆನ್ಸರಿನ ಕಾವಿಗೆ ಸ್ವಲ್ಪ ಕಂದಿದೆ, ಕಣಕಾಲಿನ ಮಡಿಕೆಗಳಲ್ಲಿ ನನ್ನ ಕಾಲಿನದೇ ಸುಕ್ಕುಗಳು ಕೂತಿವೆ. ಪ್ರತಿ ದೂರ ಪ್ರಯಾಣಕ್ಕೆ ಮುನ್ನ ನಡುಸೋಲಿನ ಪಕ್ಕಕ್ಕೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡುತ್ತೇನೆ: ಒತ್ತಿದ ಗುರುತು ಮೆಲ್ಲಗೆ ಮಾಯವಾದರೆ ಇನ್ನೊಂದು ವರ್ಷಕ್ಕೆ ಅಡ್ಡಿಯಿಲ್ಲ. ಹೋದ ವಾರ ಒತ್ತಿದಾಗ ಗುರುತು ಹಾಗೆಯೇ ಉಳಿಯಿತು, ಹಿಮ್ಮಡಿಯ ಬಳಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಬಾಯಿ ತೆರೆದು ಉಗುರಿಗೆ ಬೂದುಬಣ್ಣದ ಪುಡಿ ಅಂಟಿತು. ದಪ್ಪ ಕಾಲುಚೀಲವನ್ನು ಒಗೆದು ಒಣಹಾಕಿದ್ದೇನೆ; ನಾಳೆ ಸಂಜೆ ಅದನ್ನು ಹಾಕಿಕೊಂಡು ಹೋಗಿ ಯಾವುದಾದರೂ ತಗ್ಗು ಸ್ಟೂಲಿನ ಮೇಲೆ ಅರ್ಧ ಗಂಟೆ ಕೂರಬೇಕು.